‘ಸಮುದ್ರವನ್ನು ಸೇರುತ್ತದೆ’ ಎಂಬ ಉತ್ತರ

ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದವನು ನಾನು. ನದಿಗಳ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಒಂದೇ ಕ್ರಮದಲ್ಲಿ ಬರೆಯುತ್ತಿದ್ದೆ: ಉಗಮ, ಉಪನದಿಗಳು, ಅಣೆಕಟ್ಟುಗಳು, ಕೊನೆಗೆ ಸಂಗಮ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಬಂಗಾಳಕೊಲ್ಲಿಯನ್ನು ಸೇರುತ್ತದೆ. ಶರಾವತಿ ಅಂಬುತೀರ್ಥದಲ್ಲಿ ಹುಟ್ಟಿ ಹೊನ್ನಾವರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮಕ್ಕಳು ಹಾಗೆಯೇ ಬರೆದರೆ ಪೂರ್ಣ ಅಂಕ. ನದಿಯೊಂದು ಸಮುದ್ರವನ್ನು ಸೇರಿದ ಮೇಲೆ ಅದರ ಕಥೆ ಮುಗಿಯಿತೆಂಬ ಭಾವನೆ ಮಕ್ಕಳಿಗಿರಲಿ, ಕಲಿಸುವ ನನಗೂ ಇತ್ತು.

ಈ ಭಾವನೆಗೆ ಮೊದಲ ಪೆಟ್ಟು ಕೊಟ್ಟವನು ಒಂಬತ್ತನೆಯ ತರಗತಿಯ ಒಬ್ಬ ಹುಡುಗ. ಕೆಲವು ವರ್ಷ ನಾನು ಕರಾವಳಿಯ ಒಂದು ಊರಿನಲ್ಲಿದ್ದೆ. ಹುಡುಗನ ಮನೆಯವರು ಅಳಿವೆಯಲ್ಲಿ ಬಲೆ ಬೀಸುವವರು. ತಾಯಿ ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಮಾರುತ್ತಿದ್ದರು. ‘ನದಿ ಸಮುದ್ರವನ್ನು ಸೇರುತ್ತದೆ, ಅಲ್ಲಿಗೆ ನದಿಯ ಪಯಣ ಮುಗಿಯಿತು’ ಎಂದು ನಾನು ಪಾಠ ಮುಗಿಸಿದಾಗ ಅವನು ಎದ್ದು ನಿಂತು, “ಅಲ್ಲಿಂದಲೇ ನಮ್ಮದು ಶುರು ಸರ್” ಎಂದ. ತರಗತಿ ನಕ್ಕಿತು. ನಾನೂ ನಕ್ಕೆ.

ಮುಂದಿನ ವರ್ಷ ಮಳೆಗಾಲದ ಮೊದಲ ವಾರದಲ್ಲಿ ಆ ಅಳಿವೆಯಲ್ಲಿ ಒಂದು ಬೆಳಗ್ಗೆ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಮೇಲಿನ ಯಾವುದೋ ಕಾರ್ಖಾನೆಯವರು ಹೊಳೆ ತುಂಬಿ ಹರಿಯುವ ಸಂದರ್ಭ ನೋಡಿಕೊಂಡು ತೊಟ್ಟಿ ಖಾಲಿ ಮಾಡಿದ್ದಾರೆಂದು ಊರವರು ಆಡಿಕೊಂಡರು. ಮೂರು ದಿನದ ಮೇಲೆ ಸರ್ಕಾರದ ಕಡೆಯಿಂದ ಬಂದವರು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಅಷ್ಟರಲ್ಲಿ ಎರಡು ಮಳೆ ಬಂದು ಹೋಗಿತ್ತು. ಬಾಟಲಿಯ ನೀರು ಏನು ಹೇಳಿತೆಂದು ಊರಿಗೆ ತಿಳಿಯಲೇ ಇಲ್ಲ. ಹುಡುಗ ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದವನು ಒಂದೇ ಪ್ರಶ್ನೆ ಕೇಳಿದ: “ಹಡಗಿನವರು ಹಾಕಿದ್ದರೆ ಹಿಡೀತಿದ್ರು ಅಂತ ನಮ್ಮಪ್ಪ ಹೇಳ್ತಾರೆ. ಹೌದಾ ಸರ್?” ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಬದಲು, ಪುಸ್ತಕ ತೆಗೆಯಿರಿ ಎಂದೆ. ಆ ನಾಲ್ಕು ಮಾತು ತಪ್ಪಿಸಿಕೊಂಡದ್ದು ಈಗಲೂ ನನ್ನನ್ನು ಚುಚ್ಚುತ್ತದೆ. ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ಸಮುದ್ರದ ಕಾನೂನನ್ನು ಒಂದಿಷ್ಟು ಓದಿಕೊಂಡೆ. ಆ ತಂದೆ ಹೇಳಿದ್ದು ಬಹುಮಟ್ಟಿಗೆ ನಿಜವೆಂದು ಈಗ ತಿಳಿದಿದೆ. ಈ ಲೇಖನ ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಹಡಗಿನ ವಿಷಯವನ್ನೇ ಮೊದಲು ನೋಡೋಣ. 1967ರಲ್ಲಿ ‘ಟಾರಿ ಕ್ಯಾನ್ಯನ್’ ಎಂಬ ತೈಲದ ಹಡಗು ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಬಳಿ ಬಂಡೆಗೆ ಬಡಿದು ಒಡೆಯಿತು. ಕಚ್ಚಾ ತೈಲ ಕಡಲಿನ ಮೇಲೆ ಹರಡಿದ್ದನ್ನು ಜಗತ್ತು ದೂರದರ್ಶನದಲ್ಲಿ ಕಂಡಿತು. ಅದರಿಂದ ಎಚ್ಚೆತ್ತ ರಾಷ್ಟ್ರಗಳು 1973ರಲ್ಲಿ ‘ಮಾರ್ಪೋಲ್’ ಎಂಬ ಒಪ್ಪಂದ ಮಾಡಿಕೊಂಡವು. 1978ರಲ್ಲಿ ಅದನ್ನು ಪರಿಷ್ಕರಿಸಿದರು, 1983ರಲ್ಲಿ ಜಾರಿಗೆ ತಂದರು. ಇಂದು ಯಾವ ಹಡಗೂ ಯಾವ ಸಮುದ್ರದಲ್ಲಿಯೂ ಒಂದು ಪ್ಲಾಸ್ಟಿಕ್ ಚೀಲವನ್ನು ಎಸೆಯುವಂತಿಲ್ಲ. ದೊಡ್ಡ ಹಡಗುಗಳು ಕಸಕ್ಕೆಂದೇ ಒಂದು ದಾಖಲೆ ಪುಸ್ತಕ ಇಡಬೇಕು. ಯಾವ ದಿನ, ಎಲ್ಲಿ, ಯಾವ ಬಗೆಯ ಕಸವನ್ನು ಎಷ್ಟು ವಿಲೇವಾರಿ ಮಾಡಿದೆವೆಂದು ಬರೆದು ಸಹಿ ಹಾಕಬೇಕು. ಬಂದರಿನ ಅಧಿಕಾರಿ ಕೇಳಿದಾಗ ತೋರಿಸಬೇಕು.

ಇನ್ನು ಕಸವನ್ನು ಹಡಗಿನಲ್ಲಿ ಕೊಂಡೊಯ್ದು ನಡುಗಡಲಿನಲ್ಲಿ ಸುರಿದು ಬರುವ ಪದ್ಧತಿ. ಇದಕ್ಕೆ 1972ರ ಲಂಡನ್ ಒಪ್ಪಂದವಿದೆ. ಅದರ 1996ರ ಪ್ರೋಟೊಕಾಲ್ ಇನ್ನೂ ಬಿಗಿಯಾದುದು. ಪಟ್ಟಿಯಲ್ಲಿ ಹೆಸರಿಸಿದ ಕೆಲವೇ ವಸ್ತುಗಳನ್ನು, ಅದೂ ಪರವಾನಗಿ ಪಡೆದು ಸುರಿಯಬಹುದು, ಉಳಿದುದೆಲ್ಲ ನಿಷಿದ್ಧ. ಆದರೆ ಈ ಒಪ್ಪಂದದ ‘ಸುರಿಯುವಿಕೆ’ ಎಂಬ ಪದಕ್ಕೆ ಹಡಗು, ವಿಮಾನ ಅಥವಾ ಕಡಲಿನಲ್ಲಿ ಕಟ್ಟಿದ ಸ್ಥಾವರದಿಂದ ಸುರಿಯುವುದು ಎಂದಷ್ಟೇ ಅರ್ಥ. ಅದೇ ಕೊಳಕು ದಡದಿಂದ ಕೊಳವೆಯಲ್ಲಿ ಹರಿದರೆ, ನದಿಯಲ್ಲಿ ತೇಲಿಬಂದರೆ, ಈ ಕಾನೂನು ಅದನ್ನು ನೋಡುವುದಿಲ್ಲ. ಜಪಾನು 2023ರ ಆಗಸ್ಟ್‌ನಿಂದ ಫುಕುಷಿಮಾ ಅಣುಸ್ಥಾವರದ ಸಂಸ್ಕರಿಸಿದ ನೀರನ್ನು ಕಡಲಡಿಯ ಸುರಂಗದ ಮೂಲಕ ಬಿಡತೊಡಗಿತಷ್ಟೆ. ಇದು ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡಗಳಿಗೆ ಅನುಗುಣವಾಗಿದೆಯೆಂದು ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಹೇಳಿತು. ನೆರೆಯ ಚೀನಾ ವಿರೋಧಿಸಿತು. ನೀರು ಸುರಕ್ಷಿತವೇ ಎಂಬ ಪ್ರಶ್ನೆಯ ಜೊತೆಗೇ, ಇದು ‘ಸುರಿಯುವಿಕೆ’ಯೋ ಅಥವಾ ದಡದಿಂದ ಬಿಟ್ಟ ನೀರೋ ಎಂಬ ಪದದ ಜಗಳವೂ ನಡೆಯಿತು. ಹಡಗಿಗೂ ಕೊಳವೆಗೂ ನಡುವೆ ಕಾನೂನು ಎಳೆದಿರುವ ಗೆರೆ ಅಷ್ಟು ಮುಖ್ಯವಾದುದು.

ಹಾಗಾದರೆ ಸಮುದ್ರದ ಮಾಲಿನ್ಯ ಹೆಚ್ಚಾಗಿ ಬರುವುದು ಹಡಗಿನಿಂದಲೇ? ಅಲ್ಲ. ಅದರಲ್ಲಿ ಸುಮಾರು ಶೇಕಡಾ 80ರಷ್ಟು ನೆಲದಿಂದ ಬರುತ್ತದೆಂದು ವಿಶ್ವಸಂಸ್ಥೆಯ ದಾಖಲೆಗಳು ಬಹುಕಾಲದಿಂದ ಹೇಳುತ್ತಿವೆ. ನಗರಗಳ ಒಳಚರಂಡಿ, ಕಾರ್ಖಾನೆಗಳ ತ್ಯಾಜ್ಯ, ಹೊಲಗದ್ದೆಗಳಿಂದ ಕೊಚ್ಚಿಹೋಗುವ ಗೊಬ್ಬರ ಮತ್ತು ಕೀಟನಾಶಕ, ಪ್ಲಾಸ್ಟಿಕ್, ಕೊರೆದ ಗುಡ್ಡಗಳ ಹೂಳು. ದೊಡ್ಡ ಪಾಲಿಗೆ ಸಡಿಲ ಕಾನೂನು, ಸಣ್ಣ ಪಾಲಿಗೆ ಬಿಗಿ ಕಾನೂನು. ಇದೊಂದು ವಿಚಿತ್ರ ಲೆಕ್ಕ.

ಸಮುದ್ರಗಳ ಸಂವಿಧಾನವೆಂದೇ ಕರೆಯಲಾಗುವ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಗೆ 1982ರ ಡಿಸೆಂಬರ್ 10ರಂದು ಜಮೈಕಾದ ಮಾಂಟೆಗೋ ಬೇ ಎಂಬಲ್ಲಿ ಸಹಿ ಬಿತ್ತು. 1994ರಲ್ಲಿ ಅದು ಜಾರಿಗೆ ಬಂತು. 1995ರಲ್ಲಿ ಭಾರತ ಅನುಮೋದಿಸಿತು. ಅದರಲ್ಲಿರುವುದು 320 ವಿಧಿಗಳು. ನಮ್ಮ ಕರಾವಳಿಯ ಉದ್ದವನ್ನು ನಾವು ಪಾಠದಲ್ಲಿ 320 ಕಿಲೋಮೀಟರ್ ಎಂದು ಹೇಳಿಕೊಡುತ್ತಿದ್ದೆವು, ಹಾಗಾಗಿ ಈ ಸಂಖ್ಯೆ ನನಗೆ ಮರೆಯುವುದಿಲ್ಲ! ಅದರ 192ನೆಯ ವಿಧಿ ಸಮುದ್ರದ ಪರಿಸರವನ್ನು ಕಾಪಾಡುವುದು ಪ್ರತಿ ರಾಷ್ಟ್ರದ ಕರ್ತವ್ಯವೆನ್ನುತ್ತದೆ. ನೆಲದಿಂದ ಬರುವ ಮಾಲಿನ್ಯವನ್ನು ಕುರಿತದ್ದು 207ನೆಯ ವಿಧಿ. ನದಿ, ಅಳಿವೆ, ಕೊಳವೆ, ಚರಂಡಿಯ ಬಾಯಿ ಎಲ್ಲವನ್ನೂ ಅದು ಹೆಸರಿಸುತ್ತದೆ.

ಭಾಷೆಯ ಪಾಠದಲ್ಲಿ ಕ್ರಿಯಾಪದವನ್ನು ಗಮನಿಸಿರೆಂದು ನಾವು ಹೇಳುತ್ತೇವೆ. ಇಲ್ಲಿಯೂ ಹಾಗೆಯೇ ಓದಬೇಕು. ಹಡಗುಗಳ ವಿಷಯದಲ್ಲಿ ರಾಷ್ಟ್ರವೊಂದರ ಕಾನೂನು ಅಂತರರಾಷ್ಟ್ರೀಯ ನಿಯಮಗಳಷ್ಟಾದರೂ ಪರಿಣಾಮಕಾರಿಯಾಗಿರಬೇಕೆಂದು ಒಡಂಬಡಿಕೆ ವಿಧಿಸುತ್ತದೆ. ಸುರಿಯುವಿಕೆಯ ವಿಷಯದಲ್ಲಿ ಜಾಗತಿಕ ನಿಯಮಗಳಿಗಿಂತ ಕಡಿಮೆಯಿರಕೂಡದು ಎನ್ನುತ್ತದೆ. ನೆಲದ ಮಾಲಿನ್ಯಕ್ಕೆ ಬಂದಾಗ ಮಾತ್ರ, ಅಂತರರಾಷ್ಟ್ರೀಯ ನಿಯಮಗಳನ್ನು ಗಮನದಲ್ಲಿಟ್ಟುಕೊಂಡು ರಾಷ್ಟ್ರಗಳು ಕಾನೂನು ಮಾಡಲಿ ಎಂದು ಧ್ವನಿ ತಗ್ಗಿಸುತ್ತದೆ. ‘ಕಡಿಮೆಯಿರಕೂಡದು’ ಎಂಬುದಕ್ಕೂ ‘ಗಮನದಲ್ಲಿಟ್ಟುಕೊಂಡು’ ಎಂಬುದಕ್ಕೂ ಇರುವ ಅಂತರ ಅಧ್ಯಾಪಕನಿಗೆ ಚೆನ್ನಾಗಿ ತಿಳಿಯುತ್ತದೆ. ಮನೆಗೆಲಸ ಬರೆದು ತರದಿದ್ದರೆ ಹೊರಗೆ ನಿಲ್ಲಬೇಕೆಂದರೆ ಮಕ್ಕಳು ಬರೆದು ತರುತ್ತಾರೆ. ಮನೆಗೆಲಸವನ್ನು ಗಮನದಲ್ಲಿಟ್ಟುಕೊಳ್ಳಿ ಎಂದರೆ ಗಮನದಲ್ಲಿಟ್ಟುಕೊಂಡು ಆಟಕ್ಕೆ ಹೋಗುತ್ತಾರೆ.

ಇದಾದ ಮೇಲೆ 1985ರಲ್ಲಿ ಮಾಂಟ್ರಿಯಲ್ ಮಾರ್ಗಸೂಚಿಗಳು ಬಂದವು. 1995ರಲ್ಲಿ ವಾಷಿಂಗ್‌ಟನ್ ನಗರದಲ್ಲಿ ನೂರಕ್ಕೂ ಹೆಚ್ಚು ಸರ್ಕಾರಗಳು ಸೇರಿ ಜಾಗತಿಕ ಕಾರ್ಯಯೋಜನೆಯೊಂದನ್ನು ಒಪ್ಪಿದವು. ಒಳಚರಂಡಿಯಿಂದ ಹಿಡಿದು ಭಾರಲೋಹ, ಪೋಷಕಾಂಶ, ಹೂಳು, ಕಸದವರೆಗೆ 9 ಬಗೆಯ ಮೂಲಗಳನ್ನು ಅದು ಪಟ್ಟಿ ಮಾಡಿದೆ. ಪಟ್ಟಿ ಚೆನ್ನಾಗಿದೆ. ಆದರೆ ಎರಡೂ ಸಲಹೆಗಳೇ ಹೊರತು ಯಾರನ್ನೂ ಕಟ್ಟಿಹಾಕುವ ಒಪ್ಪಂದಗಳಲ್ಲ.

ಏಕೆ ಹೀಗಾಯಿತು? ಕಾನೂನು ಬರೆದವರು ದಡ್ಡರೇನಲ್ಲ. ಹಡಗು ಎಲ್ಲರ ಕಡಲಿನಲ್ಲಿ ಓಡಾಡುವಂಥದು, ಅದಕ್ಕೆ ಎಲ್ಲರೂ ಸೇರಿ ನಿಯಮ ಮಾಡುವುದು ಸುಲಭ. ಒಳಚರಂಡಿ, ಕಾರ್ಖಾನೆ, ಹೊಲ ಇವೆಲ್ಲ ರಾಷ್ಟ್ರವೊಂದರ ಮನೆಯೊಳಗಿನ ಸಂಗತಿಗಳು. ನಿಮ್ಮ ಅಡುಗೆಮನೆಯ ಮೋರಿ ಹೇಗಿರಬೇಕೆಂದು ಬೀದಿಯವರು ಹೇಳಲು ಬಂದರೆ ನೀವು ಸುಮ್ಮನಿರುತ್ತೀರಾ? ಸಾರ್ವಭೌಮತ್ವದ ಈ ಅಭಿಮಾನ ಒಂದು ಕಾರಣ. ಇನ್ನೊಂದು ಕಾರಣ 207ನೆಯ ವಿಧಿಯೊಳಗೇ ಇದೆ. ನಿಯಮ ರೂಪಿಸುವಾಗ ಅಭಿವೃದ್ಧಿಶೀಲ ರಾಷ್ಟ್ರಗಳ ಆರ್ಥಿಕ ಶಕ್ತಿಯನ್ನೂ ಅವುಗಳ ಬೆಳವಣಿಗೆಯ ಅಗತ್ಯವನ್ನೂ ಪರಿಗಣಿಸಬೇಕೆಂದು ಅದು ಹೇಳುತ್ತದೆ.

ಈ ಮಾತು ನ್ಯಾಯವಾದುದೇ. ಸಿರಿವಂತ ರಾಷ್ಟ್ರಗಳು ನೂರಾರು ವರ್ಷ ತಮ್ಮ ನದಿಗಳನ್ನು ಚರಂಡಿ ಮಾಡಿಕೊಂಡು ಬೆಳೆದು, ಬಳಿಕ ನಮಗೆ ಶುಚಿಯ ಪಾಠ ಹೇಳಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಮ್ಮ ದೇಶ ಅಂತರರಾಷ್ಟ್ರೀಯ ಸಭೆಗಳಲ್ಲಿ ಈ ನಿಲುವನ್ನು ಎತ್ತಿಹಿಡಿದಾಗ ನಾನೂ ಹೆಮ್ಮೆಪಟ್ಟವನೇ. ಆದರೆ ಈಗ ನನ್ನ ಅಭಿಪ್ರಾಯ ಸ್ವಲ್ಪ ಬದಲಾಗಿದೆ. ಈ ರಿಯಾಯಿತಿಯ ಬೆಲೆಯನ್ನು ಕೊಡುವವರು ಯಾರು? ಲಂಡನ್ನಿನವರೋ ನ್ಯೂಯಾರ್ಕಿನವರೋ ಅಲ್ಲ. ನೆಲದಿಂದ ಹೋದ ವಿಷ ಮೊದಲು ತಟ್ಟುವುದು ಆ ನೆಲದ ಅಳಿವೆಯಲ್ಲೇ ಬಲೆ ಬೀಸುವವನಿಗೆ. ಹೊರಗಿನವರ ಮುಂದೆ ನಾವು ಪಡೆದ ವಿನಾಯಿತಿಯು ಒಳಗಿನ ಬಡವನ ತಲೆಯ ಮೇಲಿನ ಸಾಲವಾಗುತ್ತದೆ.

ಇದಕ್ಕೆ ಮಿನಮಾಟಾದಷ್ಟು ಸ್ಪಷ್ಟವಾದ ಸಾಕ್ಷಿ ಬೇರೆ ಇಲ್ಲ. ಜಪಾನಿನ ಕ್ಯೂಷೂ ದ್ವೀಪದ ಆ ಊರಿನಲ್ಲಿ ಚಿಸ್ಸೊ ಕಂಪನಿಯ ಕಾರ್ಖಾನೆ 1932ರಿಂದ ಅಸಿಟಾಲ್ಡಿಹೈಡ್ ತಯಾರಿಸುತ್ತ ಪಾದರಸವಿದ್ದ ನೀರನ್ನು ಕೊಲ್ಲಿಗೆ ಬಿಡುತ್ತಿತ್ತು. ಬೆಕ್ಕುಗಳು ತೂರಾಡಿ ಸತ್ತವು. ಮೀನುಗಾರರ ಮಕ್ಕಳ ಕೈಕಾಲು ಸೆಡೆತುಕೊಂಡವು, ಮಾತು ನಿಂತಿತು. 1956ರ ಮೇ 1ರಂದು ರೋಗ ಅಧಿಕೃತವಾಗಿ ವರದಿಯಾಯಿತು. 1958ರಲ್ಲಿ ಕಂಪನಿ ಮಾಡಿದ್ದೇನು? ತ್ಯಾಜ್ಯದ ಬಾಯನ್ನು ಕೊಲ್ಲಿಯಿಂದ ತೆಗೆದು ಮಿನಮಾಟಾ ನದಿಯ ಅಳಿವೆಗೆ ತಿರುಗಿಸಿತು. ಅದುವರೆಗೆ ರೋಗವಿಲ್ಲದಿದ್ದ ಕಡೆಯೂ ರೋಗಿಗಳು ಕಾಣಿಸಿಕೊಂಡರು. ಮಾಲಿನ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ದಾಟಿಸಬಾರದೆಂದು ಸಮುದ್ರ ಒಡಂಬಡಿಕೆಯ 195ನೆಯ ವಿಧಿ ಹೇಳುವುದನ್ನು ಓದಿದಾಗೆಲ್ಲ ನನಗೆ ಆ ತಿರುಗಿಸಿದ ಕೊಳವೆ ನೆನಪಾಗುತ್ತದೆ. 1959ರಲ್ಲಿ ಕುಮಾಮೋಟೊ ವಿಶ್ವವಿದ್ಯಾಲಯದ ಸಂಶೋಧಕರು ಸಾವಯವ ಪಾದರಸವೇ ಕಾರಣವೆಂದು ತಿಳಿಸಿದರು. ಕಂಪನಿಯ ಆಸ್ಪತ್ರೆಯ ವೈದ್ಯ ಹೊಸೊಕಾವಾ ಅವರೇ ಕಾರ್ಖಾನೆಯ ನೀರನ್ನು ಬೆಕ್ಕಿಗೆ ಉಣಿಸಿ ಅದೇ ರೋಗವನ್ನು ಕಂಡರು, ಆ ಫಲಿತಾಂಶವನ್ನು ಕಂಪನಿ ಹೊರಗೆ ಬಿಡಲಿಲ್ಲ. ಆದರೂ ಪಾದರಸ ಹರಿಯುವುದು ನಿಂತದ್ದು 1968ರಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಜಪಾನಿನಲ್ಲಿ ಆಗ ಕಾನೂನು ಇರಲಿಲ್ಲವೇ? ಇತ್ತು. 1958ರಲ್ಲೇ ನೀರಿನ ಗುಣಮಟ್ಟದ ರಕ್ಷಣೆಗೆ ಒಂದು, ಕಾರ್ಖಾನೆಯ ತ್ಯಾಜ್ಯ ನೀರಿನ ನಿಯಂತ್ರಣಕ್ಕೆ ಒಂದು, ಹೀಗೆ ಎರಡು ಕಾನೂನುಗಳನ್ನು ಅಲ್ಲಿನ ಸಂಸತ್ತು ಮಾಡಿತ್ತು. ಅವನ್ನು ಮಿನಮಾಟಾದಲ್ಲಿ ಬಳಸಲೇ ಇಲ್ಲ. ಬಳಸಬೇಕಾಗಿತ್ತು, ಬಳಸದೆ ಇದ್ದದ್ದು ಸರ್ಕಾರದ ತಪ್ಪು ಎಂದು ಜಪಾನಿನ ಸರ್ವೋಚ್ಚ ನ್ಯಾಯಾಲಯ 2004ರ ಅಕ್ಟೋಬರ್‌ನಲ್ಲಿ ತೀರ್ಪಿತ್ತಿತು. ರೋಗ ವರದಿಯಾಗಿ ನಲವತ್ತೆಂಟು ವರ್ಷಗಳ ಮೇಲೆ! ದೇಶ ಆಗ ಬೆಳೆಯುತ್ತಿತ್ತು, ಕಾರ್ಖಾನೆ ಊರಿಗೆ ಅನ್ನ ಕೊಡುತ್ತಿತ್ತು, ಹಾಗಾಗಿ ಎಲ್ಲರೂ ‘ಗಮನದಲ್ಲಿಟ್ಟುಕೊಂಡು’ ಸುಮ್ಮನಿದ್ದರು. ಆರ್ಥಿಕ ಬೆಳವಣಿಗೆಯ ಅಗತ್ಯವೆಂಬ ಮಾತು ದಡದ ಗುಡಿಸಲಿನಲ್ಲಿ ಏನಾಗಿ ತಲಪುತ್ತದೆಂಬುದಕ್ಕೆ ಇದು ಪಾಠ. ಆ ಊರಿನ ಹೆಸರಿನಲ್ಲಿಯೇ 2013ರಲ್ಲಿ ಪಾದರಸ ಕುರಿತ ಮಿನಮಾಟಾ ಒಪ್ಪಂದವಾಯಿತು. 2017ರಲ್ಲಿ ಜಾರಿಗೆ ಬಂತು, 2018ರಲ್ಲಿ ಭಾರತವೂ ಅನುಮೋದಿಸಿತು. ಒಂದು ವಿಷಕ್ಕೆ ಬಿಗಿಯಾದ ಜಾಗತಿಕ ಕಾನೂನು ಸಾಧ್ಯವೆಂಬುದು ಇದರಿಂದ ಸಿದ್ಧವಾಯಿತು. ಆದರೆ ಆ ಒಂದು ವಿಷಕ್ಕೆ ಎಷ್ಟು ಮಕ್ಕಳು ಬಲಿಯಾಗಬೇಕಾಯಿತು!

ಜಗತ್ತಿಗೆಲ್ಲ ಒಂದೇ ಕಾನೂನು ಕಷ್ಟವೆಂದಾದರೆ, ಒಂದೇ ಕಡಲನ್ನು ಹಂಚಿಕೊಂಡ ನೆರೆಹೊರೆಯವರಾದರೂ ಸೇರಬಹುದಲ್ಲ? ಸೇರಿದ್ದಾರೆ. ಬಾಲ್ಟಿಕ್ ಸಮುದ್ರದ ಏಳು ರಾಷ್ಟ್ರಗಳು 1974ರಲ್ಲಿ ಹೆಲ್ಸಿಂಕಿಯಲ್ಲಿ ಒಪ್ಪಂದ ಮಾಡಿಕೊಂಡವು. ಅದು ಶೀತಲ ಸಮರದ ಕಾಲ. ಸೋವಿಯತ್ ಒಕ್ಕೂಟ, ಪೋಲೆಂಡ್, ಎರಡೂ ಜರ್ಮನಿಗಳು ಒಂದೇ ಕಾಗದಕ್ಕೆ ಸಹಿ ಹಾಕಿದವು. ಮುಂದೆ ಅವರು ಬಾಲ್ಟಿಕ್ಕಿಗೆ ಅತಿ ಹೆಚ್ಚು ಕೊಳಕು ಬಿಡುವ ಸ್ಥಳಗಳನ್ನು ಊರು, ಕಾರ್ಖಾನೆಗಳ ಹೆಸರು ಸಮೇತ ಪಟ್ಟಿ ಮಾಡಿ ಪ್ರಕಟಿಸಿದರು. ಒಂದೊಂದನ್ನೇ ಸರಿಪಡಿಸಿ ಪಟ್ಟಿಯಿಂದ ಹೊಡೆದುಹಾಕುತ್ತ ಬಂದರು. ಸೇಂಟ್ ಪೀಟರ್ಸ್‌ಬರ್ಗ್ ನಗರದ ದೊಡ್ಡದೊಂದು ಶುದ್ಧೀಕರಣ ಘಟಕ ನೆರೆಯವರ ನೆರವಿನಿಂದ 2005ರಲ್ಲಿ ಪ್ರಾರಂಭವಾಯಿತು. ಮೆಡಿಟರೇನಿಯನ್ ಸಮುದ್ರದ ರಾಷ್ಟ್ರಗಳು 1976ರಲ್ಲಿ ಬಾರ್ಸಿಲೋನಾ ಒಪ್ಪಂದವನ್ನೂ, 1980ರಲ್ಲಿ ಅಥೆನ್ಸ್‌ನಲ್ಲಿ ನೆಲದ ಮಾಲಿನ್ಯಕ್ಕೆಂದೇ ಒಂದು ಪ್ರೋಟೊಕಾಲನ್ನೂ ಮಾಡಿಕೊಂಡವು. ಗ್ರೀಸ್ ಮತ್ತು ಟರ್ಕಿ, ಇಸ್ರೇಲ್ ಮತ್ತು ಅರಬ್ ರಾಷ್ಟ್ರಗಳು ಈ ಒಡಂಬಡಿಕೆಯ ಮೇಜಿನ ಸುತ್ತ ಕುಳಿತವು. ಬಾಲ್ಟಿಕ್ ಇಂದಿಗೂ ಗೊಬ್ಬರದ ಅಂಶಗಳಿಂದ ಬಳಲುತ್ತಿದೆ, ಮೆಡಿಟರೇನಿಯನ್ ಪ್ಲಾಸ್ಟಿಕ್ಕಿನಿಂದ ನರಳುತ್ತಿದೆ. ಒಪ್ಪಂದವೇನೂ ಮಂತ್ರದಂಡವಲ್ಲ. ಆದರೆ ಅಲ್ಲಿ ಲೆಕ್ಕ ಕೇಳುವವರಿದ್ದಾರೆ, ಲೆಕ್ಕ ಕೊಡುವವರಿದ್ದಾರೆ.

ನಮ್ಮ ಕಡೆ? ದಕ್ಷಿಣ ಏಷ್ಯಾದ ಪರಿಸರ ಸಹಕಾರಕ್ಕೆ 1982ರಲ್ಲಿ ಕೊಲಂಬೊದಲ್ಲಿ ಒಂದು ಸಂಸ್ಥೆ ಹುಟ್ಟಿತು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ, ಮಾಲ್ಡೀವ್ಸ್ ಈ ಐದು ರಾಷ್ಟ್ರಗಳು 1995ರಲ್ಲಿ ನವದೆಹಲಿಯಲ್ಲಿ ದಕ್ಷಿಣ ಏಷ್ಯಾ ಸಮುದ್ರಗಳ ಕಾರ್ಯಯೋಜನೆಯನ್ನು ಒಪ್ಪಿಕೊಂಡವು. ಆದರೆ ಅದರ ಹಿಂದೆ ಬಾರ್ಸಿಲೋನಾದಂಥ ಕಟ್ಟುವ ಒಡಂಬಡಿಕೆಯಿಲ್ಲ. ವೈರಿಗಳೊಡನೆ ಸಹಿ ಮಾಡಲಾಗದೆಂದು ಹೇಳುವವರು ಎರಡು ಜರ್ಮನಿಗಳನ್ನು ನೆನೆಯಬೇಕು.

ಇನ್ನು ನಮ್ಮ ಮನೆಯೊಳಗಿನ ಕಾನೂನು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯಲ್ಲಿ ‘ತೊರೆ’ ಎಂಬ ಪದಕ್ಕೆ ಕೊಟ್ಟಿರುವ ಅರ್ಥದಲ್ಲಿ ನದಿ, ಹಳ್ಳ, ಅಂತರ್ಜಲಗಳ ಜೊತೆಗೆ ರಾಜ್ಯ ಸರ್ಕಾರ ಗೊತ್ತುಪಡಿಸಿದಷ್ಟು ದೂರದವರೆಗಿನ ಸಮುದ್ರವೂ ಸೇರಿದೆ. ವಿಷಕಾರಿ ವಸ್ತುವನ್ನು ತೊರೆಗೆ ಬಿಡಕೂಡದೆಂದು 24ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. 1986ರ ಪರಿಸರ ಸಂರಕ್ಷಣಾ ಕಾಯಿದೆಯಿದೆ. ಮಾಲಿನ್ಯ ಮಾಡಿದವನೇ ದಂಡ ತೆರಬೇಕೆಂಬ ತತ್ತ್ವವೂ ಮುನ್ನೆಚ್ಚರಿಕೆಯ ತತ್ತ್ವವೂ ಈ ನೆಲದ ಕಾನೂನಿನ ಭಾಗವೆಂದು ಸುಪ್ರೀಂ ಕೋರ್ಟು 1996ರಲ್ಲಿ ವೆಲ್ಲೂರು ಪ್ರಕರಣದಲ್ಲಿ ಸಾರಿತು. ಜಪಾನಿನಂತೆಯೇ ನಮ್ಮಲ್ಲಿಯೂ ಕಾನೂನಿಗೆ ಬರವಿಲ್ಲ. ಬರವಿರುವುದು ಬೇರೆಯದಕ್ಕೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಅಂಕಿಗಳಂತೆ, ದೇಶದ ನಗರಗಳಲ್ಲಿ ದಿನವೊಂದಕ್ಕೆ ಹುಟ್ಟುವ ಕೊಳಚೆ ನೀರು 72,368 ದಶಲಕ್ಷ ಲೀಟರ್. ಸ್ಥಾಪಿಸಿದ್ದ ಶುದ್ಧೀಕರಣ ಘಟಕಗಳ ಸಾಮರ್ಥ್ಯ 31,841 ದಶಲಕ್ಷ ಲೀಟರ್. ನಿಜವಾಗಿ ಶುದ್ಧೀಕರಣಗೊಂಡದ್ದು 20,236 ದಶಲಕ್ಷ ಲೀಟರ್. ಎಂದರೆ ನೂರು ಕೊಡ ಕೊಳಕಿನಲ್ಲಿ ಇಪ್ಪತ್ತೆಂಟು ಕೊಡ ಮಾತ್ರ ಶುದ್ಧವಾಗಿ ಹೊರಬಂತು. ಉಳಿದ ಎಪ್ಪತ್ತೆರಡು ಕೊಡ ಎಲ್ಲಿಗೆ ಹೋಯಿತು? ನನ್ನ ಹಳೆಯ ಪಾಠದ ಭಾಷೆಯಲ್ಲಿ ಹೇಳುವುದಾದರೆ, ಸಮುದ್ರದ ಕಡೆಗೆ.

ಇಲ್ಲಿ ಬಯಲುಸೀಮೆಯವರು, ಬೆಂಗಳೂರಿನವರು, ಇದು ಕರಾವಳಿಯ ಸಮಸ್ಯೆಯೆಂದು ಭಾವಿಸಬಾರದು. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ನಂಬುವ ವೃಷಭಾವತಿ ಬೆಂಗಳೂರಿನ ಕೊಳಚೆ ಹೊತ್ತು ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಾವೇರಿ ತಮಿಳುನಾಡಿನ ಪೂಂಪುಹಾರ್ ಬಳಿ ಬಂಗಾಳಕೊಲ್ಲಿಗೆ ಇಳಿಯುತ್ತಾಳೆ. ನಡುವೆ ಅಣೆಕಟ್ಟುಗಳೂ ಕಾಲುವೆಗಳೂ ಬಹುಪಾಲು ನೀರನ್ನು ಗದ್ದೆಗಳಿಗೆ ತಿರುಗಿಸುತ್ತವೆ, ಒಂದಿಷ್ಟು ಕೊಳಕು ದಾರಿಯಲ್ಲೇ ಇಂಗುತ್ತದೆ. ಆದರೂ 207ನೆಯ ವಿಧಿ ‘ನದಿ’ ಎಂದಾಗ ಅದರೊಳಗೆ ಸಮುದ್ರವನ್ನೇ ಕಾಣದ ನಮ್ಮ ಬಚ್ಚಲುಮನೆಯೂ ಸೇರಿದೆ. ‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆಯುಂಟು. ನಾವೋ ಸಮುದ್ರದ ನೆಂಟಸ್ತನವನ್ನೇ ಅರಿಯದೆ ಅದಕ್ಕೆ ದಿನವೂ ಬಾಗಿನ ಕಳುಹಿಸುತ್ತಿದ್ದೇವೆ!

ಕೆಲವು ಒಳ್ಳೆಯ ಸೂಚನೆಗಳೂ ಇವೆ. ಮುಳುಗುವ ಭಯದಲ್ಲಿರುವ ಪುಟ್ಟ ದ್ವೀಪರಾಷ್ಟ್ರಗಳ ಕೋರಿಕೆಯ ಮೇಲೆ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2024ರ ಮೇ 21ರಂದು ಸಲಹಾ ಅಭಿಪ್ರಾಯ ಕೊಟ್ಟಿತು. ಮನುಷ್ಯರು ಗಾಳಿಗೆ ಬಿಡುವ ಹಸಿರುಮನೆ ಅನಿಲಗಳೂ ಸಮುದ್ರದ ಮಾಲಿನ್ಯವೇ ಎಂದು ಅದು ಹೇಳಿತು. ಈ ಮಾಲಿನ್ಯವನ್ನು ತಡೆಯುವುದರಲ್ಲಿ ರಾಷ್ಟ್ರಗಳು ಕಟ್ಟುನಿಟ್ಟಾದ ಎಚ್ಚರ ವಹಿಸಬೇಕೆಂದೂ ಹೇಳಿತು. ‘ಗಮನದಲ್ಲಿಟ್ಟುಕೊಂಡು’ ಎಂಬ ಸಡಿಲ ಮಾತಿನ ಹಿಂದೆಯೂ ಒಂದು ನಿಜವಾದ ಹೊಣೆಯಿದೆಯೆಂಬ ಅರ್ಥ ಇದರಿಂದ ಗಟ್ಟಿಯಾಯಿತು. ಇನ್ನೊಂದೆಡೆ, ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧ ಕಟ್ಟುವ ಒಪ್ಪಂದವೊಂದನ್ನು ಮಾಡೋಣವೆಂದು 2022ರ ಮಾರ್ಚಿನಲ್ಲಿ ನೈರೋಬಿಯಲ್ಲಿ ರಾಷ್ಟ್ರಗಳು ನಿರ್ಧರಿಸಿದವು. 2024ರ ಕೊನೆಯಲ್ಲಿ ಬೂಸಾನ್‌ನಲ್ಲಿ, 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಸಭೆ ಸೇರಿ ಒಮ್ಮತವಿಲ್ಲದೆ ಎದ್ದುಹೋದವು. ಪ್ಲಾಸ್ಟಿಕ್ಕಿನ ಉತ್ಪಾದನೆಗೇ ಮಿತಿ ಹಾಕಬೇಕೆ ಎಂಬಲ್ಲಿ ಗಂಟು ಬಿದ್ದಿದೆ. ಅಡುಗೆಮನೆಯ ಮೋರಿಯ ಪ್ರಶ್ನೆ ಮತ್ತೆ!

ಈಗ ನನ್ನ ಅಭಿಪ್ರಾಯವನ್ನು ಮೂರು ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು, ಇಡೀ ಜಗತ್ತಿಗೆ ಒಂದು ದೊಡ್ಡ ಒಪ್ಪಂದ ಬರಲಿ ಎಂದು ಕಾಯುತ್ತ ಕೂರುವುದಕ್ಕಿಂತ, ದಕ್ಷಿಣ ಏಷ್ಯಾದ ಕಡಲುಗಳಿಗೆ ಅಥೆನ್ಸ್ ಮಾದರಿಯ ಕಟ್ಟುವ ಪ್ರೋಟೊಕಾಲೊಂದನ್ನು ಮಾಡಿಕೊಳ್ಳುವುದು ಲೇಸು. ಇದರಲ್ಲಿ ಭಾರತ ಮುಂದಾಳಾಗಬೇಕು, ಏಕೆಂದರೆ ಈ ಐವರಲ್ಲಿ ಅತಿ ದೊಡ್ಡ ಮನೆ ನಮ್ಮದು. ಎರಡನೆಯದು, ಹಡಗಿನ ಕಸಕ್ಕೆ ದಾಖಲೆ ಪುಸ್ತಕವಿರುವಂತೆ ಪ್ರತಿಯೊಂದು ಅಳಿವೆಗೂ ಒಂದು ದಾಖಲೆ ಪುಸ್ತಕವಿರಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ, ಯಾವುದೇ ಇರಲಿ, ಈ ತಿಂಗಳು ಈ ನದಿ ಕಡಲಿಗೆ ಏನನ್ನು ಎಷ್ಟು ಕೊಟ್ಟಿತೆಂಬುದನ್ನು ಅಳೆದು, ಆ ಊರಿನ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ಬಾಟಲಿಯಲ್ಲಿ ನೀರು ಒಯ್ದವರು ಅದು ಏನು ಹೇಳಿತೆಂದು ಬಂದು ತಿಳಿಸಬೇಕು. ಮೂರನೆಯದು, ‘ಅಭಿವೃದ್ಧಿಶೀಲ ರಾಷ್ಟ್ರದ ಆರ್ಥಿಕ ಶಕ್ತಿ’ ಎಂಬ ರಿಯಾಯಿತಿಯನ್ನು ಹೊರಗಿನ ಸಭೆಗಳಲ್ಲಿ ಹಣ ಮತ್ತು ತಂತ್ರಜ್ಞಾನ ಕೇಳಲು ಬಳಸೋಣ, ಕೇಳುವ ಹಕ್ಕು ನಮಗಿದೆ. ಆದರೆ ನಮ್ಮ ಮೀನುಗಾರನೆದುರು ಆ ಮಾತನ್ನು ಆಡದಿರೋಣ. ಅವನ ಆರ್ಥಿಕ ಶಕ್ತಿಯನ್ನು ಯಾವ ವಿಧಿಯಲ್ಲೂ ಯಾರೂ ಪರಿಗಣಿಸಿಲ್ಲ.

ಕಾರ್ಖಾನೆ ಮುಚ್ಚಿದರೆ ಉದ್ಯೋಗ ಹೋಗುವುದಿಲ್ಲವೇ ಎಂದು ಸ್ನೇಹಿತರೊಬ್ಬರು ಕೇಳಿದರು. ಮುಚ್ಚಿರೆಂದು ನಾನು ಹೇಳುತ್ತಿಲ್ಲ. ಶುದ್ಧಮಾಡಿ ಬಿಡಿ, ಲೆಕ್ಕ ತೋರಿಸಿ ಎನ್ನುತ್ತಿದ್ದೇನೆ. ಹೋಗುವ ಉದ್ಯೋಗದ ಲೆಕ್ಕ ಹಾಕುವಾಗ ಬಳಚು ಹೆಕ್ಕುವ ತಾಯಿಯ ಉದ್ಯೋಗವನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕಲ್ಲವೇ? ಅವಳ ಹೆಸರು ಯಾವ ಹಾಜರಿಪಟ್ಟಿಯಲ್ಲೂ ಇಲ್ಲವೆಂಬ ಕಾರಣಕ್ಕೆ ಅದು ಉದ್ಯೋಗವಾಗದೆ ಹೋಗುವುದಿಲ್ಲ.

ಆ ಹುಡುಗ ಈಗ ನಡುವಯಸ್ಸಿನವನಾಗಿರಬೇಕು. ಎಲ್ಲಿದ್ದಾನೋ ತಿಳಿಯದು. ಅಂದು ಅವನು ಕೇಳಿದ್ದಕ್ಕೆ ಇಂದು ಹೀಗೆ ಹೇಳುತ್ತೇನೆ: ಹೌದಪ್ಪ, ನಿನ್ನ ತಂದೆ ಹೇಳಿದ್ದು ಸರಿ. ಹಡಗಿನವರಾಗಿದ್ದರೆ ಹಿಡಿಯಲು ಬಿಗಿಯಾದ ಕಾನೂನಿತ್ತು. ನೆಲದವರನ್ನು ಹಿಡಿಯಲೂ ನಮ್ಮ ದೇಶದ ಕಾನೂನಿತ್ತು, ಆದರೆ ಅದನ್ನು ಬಳಸಿರೆಂದು ಒತ್ತಾಯಿಸುವವರು ಹೊರಗೂ ಇರಲಿಲ್ಲ, ಒಳಗೂ ಇರಲಿಲ್ಲ. ಒತ್ತಾಯಿಸಬೇಕಾಗಿದ್ದವರಲ್ಲಿ ನಾನೂ ಒಬ್ಬ. ನಾನು ಪುಸ್ತಕ ತೆಗೆಯಲು ಹೇಳಿದೆ.

ಇಂದು ಪಾಠ ಮಾಡುತ್ತಿರುವ ಕಿರಿಯ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ನದಿಯ ಪಾಠವನ್ನು ‘ಸಮುದ್ರವನ್ನು ಸೇರುತ್ತದೆ’ ಎಂಬಲ್ಲಿಗೆ ನಿಲ್ಲಿಸಬೇಡಿ. ಏನನ್ನು ಹೊತ್ತುಕೊಂಡು ಸೇರುತ್ತದೆ, ಅಲ್ಲಿ ಯಾರಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಸೇರಿಸಿ. ಅವಕ್ಕೂ ಅಂಕ ಕೊಡಿ. ನಾನು ಬರೆದುದರಲ್ಲಿ ತಪ್ಪಿದ್ದರೆ ತಿಳಿದವರು ತಿದ್ದಬೇಕು, ಒಪ್ಪಿಗೆಯಾದರೆ ಮಕ್ಕಳಿಗೆ ತಲಪಿಸಬೇಕು.